ಗಿಟಾರಿನವ ‘ಇಲ್ಲ’ ಅಂದ, ಯಾರೂ ಬಡೀಲಿಲ್ಲ



ಪೋಸ್ಟ್ ಉದ್ದ ಐತಿ, ಪೂರ್ತಿ ಓದ್ರಿ. ಬೈಯೋದಿದ್ರ ಕೊನೀಗೆ ಬೈರಿ.

ಹೋದ ತಿಂಗಳು ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಧರಣಿಗೆ ಹೋಗಿದ್ದೆ. ಸಂಜೀಕ ನಮ್ಮ ಮೂಡಲಗಿ ಕಡೆಯ ಹುಡುಗ ಫೋನ್ ಮಾಡಿದ. “ಕಾಕಾ, ಇವತ್ತ ನಮ್ಮ ಬ್ಯಾಂಡ್ ಐತಿ, ಬರ್ರಿ” ಅಂದ. ಅವ ಕಂಪನಿಯೊಂದರಲ್ಲಿ ಕೆಲಸ ಮಾಡ್ತಾನ, ಶನಿವಾರ ಪಬ್ಬಿನ್ಯಾಗ ಡ್ರಮ್ಸ್ ಬಾರಸ್ತಾನ. ನಾಲ್ಕು ಹುಡುಗರ ತಂಡ. ಸ್ವಂತ ಹಾಡಿಲ್ಲ, ಹಳೇ ಇಂಗ್ಲಿಷ್ ರಾಕ್ ಹಾಡುಗಳನ್ನ ನುಡಸ್ತಾರ. ಕವರ್ ಬ್ಯಾಂಡ್ ಅಂತಾರ ಅದಕ್ಕ.

ಹೋದೆ. ಬ್ಯಾಗಿನ್ಯಾಗ ನೀಲಿ ಶಾಲು, ಕಾಲಾಗ ಧೂಳು ಹತ್ತಿದ ಚಪ್ಪಲಿ. ಬಾಗಿಲದವ ನನ್ನ ಮ್ಯಾಲಿಂದ ಕೆಳಗ ನೋಡಿದ, ಹುಡುಗ ಬಂದು ಕರಕೊಂಡು ಹೋದ. ಹಾಡಿನ ಮಾತು ನನಗ ಒಂದೂ ತಿಳೀಲಿಲ್ಲ. ಆದ್ರ ಅವ ಬಾರಿಸೋ ಕೈ ತಿಳೀತು. ಆ ಕೈ ನಾ ಬಲ್ಲೆ. ಅವರಪ್ಪ ನಮ್ಮ ಕಡೆ ಹೆಸರಾದ ಹಲಗಿಯವ.

ನಡುವ ಒಂದು ಟೇಬಲ್ಲಿನವ ಎದ್ದು ನಿಂತು ಹಿಂದಿ ಸಿನಿಮಾ ಹಾಡು ನುಡಸ್ರಿ ಅಂತ ಒದರಿದ. ಒಂದಲ್ಲ, ನಾಲ್ಕು ಸಲ. ಹಾಡೋ ಹುಡುಗ ಗಿಟಾರ್ ಹಿಡಕೊಂಡೇ ನಕ್ಕ, ಮೈಕಿನ್ಯಾಗ ಹೇಳಿದ: “ಸಾರಿ ಬಾಸ್, ಅದನ್ನ ನಾವು ನುಡಿಸಲ್ಲ.” ಮಂದಿ ನಕ್ಕರು. ಅವ ಕುಂತು ಬಿಯರ್ ಕುಡಿದ. ಇವರು ತಮ್ಮ ಮುಂದಿನ ಹಾಡು ಹಿಡಿದರು. ಮಾತಾಡಿದ್ದ ಹೊತ್ತು ಮುಗಿದ ಕೂಡಲೇ ನಿಲ್ಲಿಸಿದರು. ಇನ್ನೊಂದು, ಇನ್ನೊಂದು ಅಂತ ಎಷ್ಟು ಅಂದರೂ ವೈರ್ ಸುತ್ತಿದರು. ಅರ್ಧ ರೊಕ್ಕ ಮೊದಲ ಬಂದಿತ್ತು, ಉಳಿದದ್ದು ಅಲ್ಲೇ ಫೋನಿಗೆ ಬಂತು.

ನನಗ ಅವತ್ತು ರಾತ್ರಿ ನಿದ್ದಿ ಬರಲಿಲ್ಲ. ಸಂಗೀತದಿಂದ ಅಲ್ಲ, ಆ ‘ನುಡಿಸಲ್ಲ’ ಅನ್ನೋ ಮಾತಿನಿಂದ.

ಏಳೆಂಟು ವರ್ಷದ ಹಿಂದಿನ ಮಾತು. ಇದೇ ಹುಡುಗನ ಅಪ್ಪ ಜ್ವರ ಬಂದು ಮಲಗಿದ್ದ. ಊರಾಗ ದೊಡ್ಡ ಮನೆಯ ಹೆಣ ಎತ್ತಬೇಕು, ಹಲಗಿ ಬಾರಸಾಕ ಬಾ ಅಂತ ಆಳು ಬಂದ. “ಇವತ್ತ ಆಗೂದಿಲ್ರೀ ಗೌಡ್ರ” ಅಂತ ಹೇಳಿ ಕಳಿಸಿದ. ಬರೇ ಇವತ್ತ ಆಗೂದಿಲ್ಲ ಅಂದದ್ದು. ಮರುದಿನ ಗಿರಣಿಯವ ಹಿಟ್ಟು ಬೀಸಲಿಲ್ಲ. ಅಂಗಡಿಯವ ಎಣ್ಣಿ ಕೊಡಲಿಲ್ಲ. ಕಬ್ಬಿನ ಹೊಲಕ್ಕ ಕೇರಿಯ ಹೆಣ್ಮಕ್ಕಳನ್ನ ಕೂಲಿಗೆ ಕರೀಲಿಲ್ಲ. ಹನ್ನೊಂದು ದಿನ.

ನಾವು ಹೋದೆವು. ಜೀಪು, ಬ್ಯಾನರು, ಘೋಷಣೆ ಎಲ್ಲಾ ಇತ್ತು. ಕೊನೀಗೆ ಗುಡಿ ಕಟ್ಟಿಗೆ ಕುಂತು ರಾಜಿ ಮಾಡಿಸಿದೆವು. “ಊರಾಗ ಬಾಳೇ ಮಾಡಬೇಕಲ್ಲಪಾ” ಅಂದೆವು. ಅವ ಹನ್ನೆರಡನೇ ದಿನ ಹಲಗಿ ಕಾಯಿಸಿಕೊಂಡು ಜಾತ್ರಿಗೆ ಹೋದ. ಆ ರಾಜಿಯೊಳಗ ನಾನೂ ಕುಂತಿದ್ದೆ. ಇಷ್ಟು ವರ್ಷ ಇದನ್ನ ನಾ ಎಲ್ಲೂ ಬರದಿಲ್ಲ. ಇವತ್ತ ಬರೀತೀನಿ.

ಕಾನೂನು ಇರಲಿಲ್ಲ ಅಂತೇನಿಲ್ಲ. ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿ ನಿಷೇಧಿಸೈತಿ. 1976ರ ಜೀತ ಪದ್ಧತಿ ನಿರ್ಮೂಲನ ಕಾಯ್ದೆ ಬರೇ ಸಾಲದ ಜೀತದ ಬಗ್ಗೆ ಮಾತಾಡೂದಿಲ್ಲ, ಇಂಥ ಜಾತಿಯೊಳಗ ಹುಟ್ಟಿದ ಕಾರಣಕ್ಕ ಬಲವಂತದಿಂದ ದುಡಿಸಿಕೊಳ್ಳೋದನ್ನೂ ಜೀತ ಅಂತೈತಿ. ದೌರ್ಜನ್ಯ ತಡೆ ಕಾಯ್ದೆಗೆ 2015ರಾಗ ತಿದ್ದುಪಡಿ ಆಗಿ, 2016ರ ಜನವರಿ 26ರಿಂದ ಸಾಮಾಜಿಕ, ಆರ್ಥಿಕ ಬಹಿಷ್ಕಾರ ಹಾಕೋದೂ ಅಪರಾಧ. ಕಾನೂನು ಇತ್ತು. ನಾವು ಬಳಸಲಿಲ್ಲ.

ಈಗ ನಮ್ಮವರ ಎರಡು ವಾದ ನೋಡ್ರಿ.

ಒಂದು ಗುಂಪು: “ಹಲಗಿ ಗುಲಾಮಗಿರಿಯ ಗುರುತು, ಸುಟ್ಟು ಹಾಕ್ರಿ.” ಇದಕ್ಕ ಇತಿಹಾಸದ ಬಲ ಐತಿ. 1927ರ ಮಹಾಡ್‌ನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡ್ರಿ, ಸ್ವಾಭಿಮಾನದಿಂದ ಬದುಕ್ರಿ ಅಂದ್ರು. 1928ರಾಗ ಬಾಂಬೆ ವಿಧಾನ ಪರಿಷತ್ತಿನ್ಯಾಗ ಮಹಾರ್ ವತನದ ವಿರುದ್ಧ ತಿದ್ದುಪಡಿ ಮಸೂದೆ ತಂದ್ರು. ಆವಾಗ ನಮ್ಮ ಗೋಕಾಕ, ಹುಕ್ಕೇರಿ ಎಲ್ಲಾ ಬಾಂಬೆ ಪ್ರಾಂತ್ಯದೊಳಗೇ ಇದ್ದವು. ವತನದಾರ ಮನಿಯಾಗ ಇಲ್ಲದಿದ್ರ ಅವನ ಅಪ್ಪನನ್ನೋ ಮಗನನ್ನೋ ಹಿಡಕೊಂಡು ಹೋಗಿ ದುಡಿಸೋ ಪದ್ಧತಿಗೆ ಅವರ ವಿರೋಧ ಇತ್ತು. ಮಸೂದೆ ಪಾಸಾಗಲಿಲ್ಲ. ನಮ್ಮಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಆದದ್ದು 1961ರಾಗ, ಜಾರಿಗೆ ಬಂದದ್ದು 1963ರಾಗ. ಕಾಗದದ ಮ್ಯಾಲೆ ವತನ ಹೋತು. ಹೆಣ ಬಿದ್ದಾಗ ಕೇರಿಗೆ ಆಳು ಬರೋದು ಹೋಗಲಿಲ್ಲ.

ಆದ್ರ ಸುಡ್ರಿ ಅನ್ನೋ ಅಣ್ಣಗಳಿಗೆ ನನ್ನ ಪ್ರಶ್ನೆ: ಆ ಅರವತ್ತು ವರ್ಷದ ಮುದುಕನ ಬೆರಳಾಗಿರೋ ವಿದ್ಯೆಯನ್ನ ಎಲ್ಲಿ ಸುಡ್ತೀರಿ?

ಇನ್ನೊಂದು ಗುಂಪು: “ಹಲಗಿ ನಮ್ಮ ಸಂಸ್ಕೃತಿ, ನಮ್ಮ ಹೆಮ್ಮೆ.” ಇವರು ಮತ್ತೂ ಹುಷಾರು. ಉದ್ಘಾಟನೆಗೆ ಹಲಗಿ ಬೇಕು. ಸಾಹೇಬರು ಎರಡು ಏಟು ಹೊಡೀತಾರ, ಫೋಟೋ ಆಗತೈತಿ. ಹಲಗಿಯವರಿಗೆ ಒಂದು ಶಾಲು, ಬಸ್ ಚಾರ್ಜು. ಪಾಂಪ್ಲೆಟಿನ್ಯಾಗ ಭಾಷಣಕಾರರ ಹೆಸರು ಇಪ್ಪತ್ತು, ಹಲಗಿಯವರದು ‘ಮತ್ತು ತಂಡ’. ಗೌಡ ಬಿಟ್ಟಿ ಕರೆದ್ರ ಶೋಷಣೆ, ನಾವು ಬಿಟ್ಟಿ ಕರೆದ್ರ ಚಳವಳಿನಾ?

ಆ ಪಬ್ಬಿನ ಹಾಡಿಗೆ ಬರ್ತೀನಿ. ಅವರು ನುಡಿಸಿದ್ದರೊಳಗ ಲೆಡ್ ಜೆಪ್ಪೆಲಿನ್ ಬ್ಯಾಂಡಿನ ‘ಹೋಲ್ ಲೊಟ್ಟಾ ಲವ್’ ಇತ್ತಂತ, 1969ರದು. ರಾಕ್ ಹುಟ್ಟಿದ್ದೇ ಅಮೆರಿಕದ ಕಪ್ಪು ಜನರ ಬ್ಲೂಸ್‌ನಿಂದ, ಗುಲಾಮರ ಮಕ್ಕಳು ಮೊಮ್ಮಕ್ಕಳ ಹಾಡಿನಿಂದ. ಈ ಹಾಡಿನ ಮ್ಯಾಲೆ ವಿಲ್ಲಿ ಡಿಕ್ಸನ್ ಅನ್ನೋ ಮಿಸಿಸಿಪಿಯ ಕಪ್ಪು ಕಲಾವಿದ 1985ರಾಗ ಕೇಸ್ ಹಾಕಿದ, ಇದರಾಗ ನನ್ನ ಹಾಡು ಐತಿ ಅಂತ. 1987ರಾಗ ಕೋರ್ಟಿನ ಹೊರಗ ಒಪ್ಪಂದ ಆತು, ಮುಂದ ಹಾಡಿನ ಮ್ಯಾಲೆ ಅವನ ಹೆಸರೂ ಬಂತು. ಡಿಕ್ಸನ್ ವಾದ್ಯ ಸುಡಲಿಲ್ಲ. ಶಾಲು ಹೊಚ್ಚಿಸಿಕೊಂಡು ಸುಮ್ಮನೂ ಕೂಡಲಿಲ್ಲ. ಲೆಕ್ಕ ಕೇಳಿದ. ಚೆನ್ನೈದಾಗ 2018ರಲ್ಲಿ ಪಾ. ರಂಜಿತ್ ಅವರ ಬೆಂಬಲದಿಂದ ವೇದಿಕೆಗೆ ಬಂದ ಕಾಸ್ಟ್‌ಲೆಸ್ ಕಲೆಕ್ಟಿವ್ ಗಾನಾ ಹಾಡು, ಪರೈ ವಾದ್ಯಗಳನ್ನ ರಾಕ್ ಜೋಡಿ ಕೂಡಿಸಿತು. ಅಲ್ಲಿ ಪರೈ ಹೆಣದ ಮುಂದ ನಡೀಲಿಲ್ಲ, ಮೈಕಿನ ಮುಂದ ನಿಂತಿತು.

ಕಾರ್ಯಕ್ರಮ ಮುಗಿದ ಮ್ಯಾಲೆ ಒಬ್ಬ ಬಂದು ನಮ್ಮ ಹುಡುಗನ ಬೆನ್ನು ತಟ್ಟಿ, “ಎಂಥಾ ರಿದಮ್ ಗುರು, ಎಲ್ಲಿ ಕಲಿತೆ?” ಅಂದ. “ಯೂಟ್ಯೂಬ್ ನೋಡಿ” ಅಂದ ಇವ. ನಾ ಅಲ್ಲೇ ನಿಂತಿದ್ದೆ. ನನ್ನ ಮುಖ ನೋಡಲಿಲ್ಲ. ಅವನ್ನ ಬೈಬ್ಯಾಡ್ರಿ. ಅಡ್ಡಹೆಸರು ಕೇಳಿ ಬಾಡಿಗಿ ಮನಿ ಕೊಡೋ ಊರಾಗ ಅವ ಇರೋದು. ಅಪ್ಪನ ಹೆಸರು ಹೇಳೋಕೆ ಬೇಕಾದ ನೆಲ ನಾವಿನ್ನೂ ಅವಗ ಮಾಡಿ ಕೊಟ್ಟಿಲ್ಲ.

ಹಲಗಿ ಬಾರಿಸಬೇಕೋ ಬ್ಯಾಡೋ ಅನ್ನೋದನ್ನ ಬಾರಿಸೋವ ಹೇಳ್ತಾನ, ಗೌಡನೂ ಅಲ್ಲ, ನಾವೂ ಅಲ್ಲ. ನಮ್ಮ ಕೆಲಸ ಅವನ ‘ಇಲ್ಲ’ಕ್ಕ ಕಾವಲು ನಿಲ್ಲೋದು.

ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿನ ಸಂಗಾತಿಗಳಿಗೆ ಇಷ್ಟೇ ಕೇಳ್ತೀನಿ. ಈ ಸಲದ ಜಾತ್ರಿ ಹಂಗಾಮಿಗಿಂತ ಮೊದಲ ಪ್ರತಿ ಹಲಗಿ ತಂಡದ ಜೋಡಿ ಕುಂತು ದರ ಬರೀರಿ: ಎಷ್ಟು ತಾಸು, ಎಷ್ಟು ರೊಕ್ಕ, ಅರ್ಧ ಮುಂಗಡ, ಊಟ ಎಲ್ಲರ ಪಂಕ್ತಿಯೊಳಗ. ಹೆಣಕ್ಕ, ಡಂಗುರಕ್ಕ ಬರೂದಿಲ್ಲ ಅಂದ್ರ ಬರೂದಿಲ್ಲ, ಕಾರಣ ಕೇಳಂಗಿಲ್ಲ. ‘ಇಲ್ಲ’ ಅಂದವನ ಮನಿಗೆ ಗಿರಣಿ ಬಂದಾದ್ರ ರಾಜಿ ಪಂಚಾಯ್ತಿ ಬ್ಯಾಡ, ಅವತ್ತೇ ಠಾಣೆಗೆ ಹೋಗಿ ದೂರು ಕೊಡ್ರಿ. ಮತ್ತ ಇದು ನಮ್ಮ ಏಪ್ರಿಲ್ 14ರಿಂದಲೇ ಶುರು ಆಗಲಿ: ಪಾಂಪ್ಲೆಟಿನ್ಯಾಗ ಹಲಗಿಯವರ ಹೆಸರು ಪೂರ್ತಿ ಬರಲಿ, ರೊಕ್ಕ ಮೊದಲ ಸಿಗಲಿ.

ಆ ಅಪ್ಪನ ಮನಿಗೆ ನಾ ಮುಂದಿನ ವಾರ ಹೋಗ್ತೀನಿ. ಅವತ್ತಿನ ರಾಜಿಗೆ ಕ್ಷಮಾ ಕೇಳಬೇಕು. ಜೋಡಿ ಬರೋರು ಬರ್ರಿ.

ಜೈಭೀಮ್.