ತಮಟೆಯ ಮಾನ

ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದವು. ಅವು ನಡೆಯುತ್ತಿದ್ದ ಕಾಲದಲ್ಲಿ ಆ ಊರಿಗೆ ಎರಡು ಬಗೆಯ ಚರ್ಮವಾದ್ಯಗಳ ಪರಿಚಯವಿತ್ತು. ಆಂಗ್ಲ ಅಧಿಕಾರಿಗಳ ಕ್ಲಬ್ಬಿನ ನೃತ್ಯಕೂಟಗಳಲ್ಲಿ ಪಾಶ್ಚಾತ್ಯರ ಡ್ರಮ್ಮು ನುಡಿಯುತ್ತಿತ್ತು. ಕಾರ್ಮಿಕರ ಸಾಲುಮನೆಗಳಲ್ಲಿಯೂ ಬಂಗಾರಪೇಟೆಯ ಸುತ್ತಣ ಹಳ್ಳಿಗಳಲ್ಲಿಯೂ ತಮಟೆ ನುಡಿಯುತ್ತಿತ್ತು. ಮೊದಲನೆಯದು ಸಭ್ಯರ ವಾದ್ಯವೆನಿಸಿತು, ಎರಡನೆಯದು ಕೀಳೆನಿಸಿತು. ಈ ಭೇದವು ನಾದದಿಂದ ಹುಟ್ಟಿದುದಲ್ಲ, ನುಡಿಸುವವನ ಜಾತಿಯಿಂದ ಹುಟ್ಟಿದುದು. ಜಾತ್ರೆಯಲ್ಲಿ ದೇವರ ಮುಂದೆ ತಮಟೆ ಬೇಕು. ತಮಟೆಯವನು ಮಾತ್ರ ಗುಡಿಯ ಹೊರಗೆ ನಿಲ್ಲಬೇಕು!

ವಿಚಿತ್ರವೆಂದರೆ, ಸಭ್ಯರು ಮೆಚ್ಚಿದ ಆ ಡ್ರಮ್ಮಿನ ಕಲೆಯೂ ತುಳಿತಕ್ಕೊಳಗಾದವರ ಕೈಯಲ್ಲಿಯೇ ಬೆಳೆದುದು. ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಿ 1740ರ ಕಾನೂನು ಗುಲಾಮರು ಡೋಲು ಬಾರಿಸುವುದನ್ನೇ ನಿಷೇಧಿಸಿತ್ತು. ಅಂತಹ ಗುಲಾಮರ ವಂಶಜರಾದ ಕರಿಯ ಜನರು ಮುಂದೆ ಜಾಜ್ ಸಂಗೀತವನ್ನು ಸೃಷ್ಟಿಸಿದರು. ಅವರಲ್ಲಿ ಮ್ಯಾಕ್ಸ್ ರೋಚ್ (1924–2007) ಎಂಬ ಮಹಾವಾದಕನು, ಕೇವಲ ತಾಳ ಹಾಕುವ ಆಳಾಗಿದ್ದ ಡ್ರಮ್ಮಿಗೆ ಸ್ವತಂತ್ರವಾಗಿ ಮಾತನಾಡುವ ಶಕ್ತಿಯನ್ನು ತಂದುಕೊಟ್ಟನು. 1960ರಲ್ಲಿ ತನ್ನ ಜನರ ಬಿಡುಗಡೆಯನ್ನೇ ವಸ್ತುವಾಗಿಸಿಕೊಂಡು ಒಂದು ಸಂಗೀತ ಕೃತಿಯನ್ನು ಧ್ವನಿಮುದ್ರಿಸಿದನು.

ಇಂತಹ ಸಾಧಕರಿಗಾಗಿ ಕಡಲು ದಾಟಬೇಕಾಗಿಲ್ಲ. ಪಿಂಡಿಪಾಪನಹಳ್ಳಿಯು 2007ರವರೆಗೂ ಕೋಲಾರ ಜಿಲ್ಲೆಗೆ ಸೇರಿತ್ತು. ಆ ಹಳ್ಳಿಯ ಮುನಿವೆಂಕಟಪ್ಪನವರು ಹರೆಯದಲ್ಲಿಯೇ ತಮಟೆಯನ್ನು ಕೈಗೆತ್ತಿಕೊಂಡು, ಅದನ್ನು ಅನೇಕ ತರುಣರಿಗೆ ಕಲಿಸಿದರು. 2023ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು.

ತಮಟೆಯ ವಿದ್ಯೆ ಸುಲಭವಾದುದೆಂದು ಬಗೆಯುವವರು ಅದನ್ನು ಒಮ್ಮೆ ಹಿಡಿದು ನೋಡಬೇಕು. ಬಳೆಗೆ ಬಿಗಿದ ಚರ್ಮವನ್ನು ಬೆಂಕಿಗೆ ಹಿಡಿದು ಹದಗೊಳಿಸಬೇಕು. ಕಾವು ಹೆಚ್ಚಿದರೆ ಚರ್ಮ ಬಿರಿಯುತ್ತದೆ, ಕಡಿಮೆಯಾದರೆ ನಾದ ಏಳುವುದಿಲ್ಲ. ಒಂದು ಕೈಯಲ್ಲಿ ದಪ್ಪ ಕೋಲು, ಇನ್ನೊಂದರಲ್ಲಿ ತೆಳುವಾದ ಕಡ್ಡಿ. ಎರಡೂ ಬೇರೆ ಬೇರೆ ನಡೆಯಲ್ಲಿ ಸಾಗುತ್ತಿರುವಾಗಲೇ ಕಾಲುಗಳು ಹೆಜ್ಜೆ ಹಾಕುತ್ತಿರಬೇಕು. ಕುಳಿತು ನುಡಿಸುವ ವಾದಕನಿಗೆ ಈ ಕಷ್ಟವಿಲ್ಲ.

ಅವಮಾನದ ಗುರುತಾದ ತಮಟೆಯನ್ನು ತ್ಯಜಿಸುವುದೇ ಲೇಸೆಂದು ವಾದಿಸುವವರೂ ಉಂಟು. ಬಿಟ್ಟಿ ಚಾಕರಿಯಾಗಿ ಸಾವಿನ ಮನೆಯಲ್ಲಿ ಅದನ್ನು ಬಾರಿಸಬೇಕಾಗಿದ್ದವರ ನೋವನ್ನು ಬಲ್ಲವರು ಈ ಮಾತನ್ನು ಲಘುವಾಗಿ ತಳ್ಳಿಹಾಕಲಾರರು. ಆದರೆ ತ್ಯಜಿಸಬೇಕಾದುದು ಬಿಟ್ಟಿ ಚಾಕರಿಯನ್ನೇ ಹೊರತು ವಿದ್ಯೆಯನ್ನಲ್ಲ. 1970ರ ದಶಕದಲ್ಲಿ ಮೊದಲಾದ ದಲಿತ ಚಳವಳಿಯು ಅದೇ ತಮಟೆಯನ್ನು ಮೆರವಣಿಗೆಗಳ ಮುಂದೆ ಹಿಡಿದು, ಅದರ ಅರ್ಥವನ್ನೇ ಬದಲಾಯಿಸಿತು.

ಇಂದಿಗೂ ಎಷ್ಟೋ ಸಮಾರಂಭಗಳಲ್ಲಿ ತಮಟೆಯವರು ಅತಿಥಿಗಳನ್ನು ಬಾಗಿಲಿನಿಂದ ವೇದಿಕೆಯವರೆಗೆ ಕರೆತಂದು, ಅನಂತರ ಹೊರಗೆ ಮರದ ನೆರಳಿನಲ್ಲಿ ಕಾಯುತ್ತಾರೆ. ಆಹ್ವಾನ ಪತ್ರಿಕೆಯಲ್ಲಿ ಗಾಯಕರ ಹೆಸರಿರುತ್ತದೆ, ಮೃದಂಗದವರ ಹೆಸರಿರುತ್ತದೆ. ತಮಟೆಯವರ ಹೆಸರುಗಳನ್ನೂ ಅದೇ ಪಂಕ್ತಿಯಲ್ಲಿ ಅಚ್ಚು ಹಾಕಿಸಿ, ಅವರನ್ನು ವೇದಿಕೆಯ ಮೇಲೆ ನಿಲ್ಲಿಸಿ, ಸಭಿಕರು ಕುಳಿತು ಕೇಳಲಿ.