ಮೊಳಕೆಯಲ್ಲಿ ಕಾಣದ ಸಿರಿ

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎನ್ನುತ್ತದೆ ಕನ್ನಡದ ಗಾದೆ. ಮರಾಠಿಯ ಗಾದೆ ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಸರಿದು ‘ಮುಲಾಚೇ ಪಾಯ ಪಾಳಣ್ಯಾತ ದಿಸತಾತ’ ಎನ್ನುತ್ತದೆ. ಮಗು ಮುಂದೆ ಏನಾದೀತೆಂಬುದು ತೊಟ್ಟಿಲಿನಲ್ಲಿರುವಾಗಲೇ ಅದರ ಕಾಲುಗಳಲ್ಲಿ ಕಾಣುತ್ತದೆ ಎಂಬುದು ಅದರ ಭಾವ. ಎರಡೂ ನುಡಿಗಳ ಹಿರಿಯರು ಈ ನಂಬಿಕೆಯನ್ನು ಅನುಭವದ ಸಾರವೆಂದೇ ಒಪ್ಪಿಕೊಂಡು ಬಂದಿದ್ದಾರೆ. ಇದೇ ನಂಬಿಕೆಯ ಮೇಲೆ ಅಪಾರ ಹಣವನ್ನು ಪಣಕ್ಕಿಟ್ಟು, ಅದನ್ನು ವರ್ಷ ವರ್ಷವೂ ಒರೆಗೆ ಹಚ್ಚುವ ಒಂದು ವ್ಯವಸ್ಥೆ ಅಮೆರಿಕೆಯಲ್ಲಿದೆ. ಅದು ಅಲ್ಲಿಯ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ನಡೆಸುವ ‘ಡ್ರಾಫ್ಟ್’ ಎಂಬ ವಾರ್ಷಿಕ ಆಯ್ಕೆ. ಕಾಲೇಜಿನ ಅಂಗಳದಲ್ಲಿ ಮೆರೆದ ಒಬ್ಬ ಗಾರ್ಡ್ ವೃತ್ತಿಯಲ್ಲಿ ನಿಲ್ಲಬಲ್ಲನೇ ಎಂಬ ಪ್ರಶ್ನೆ ಪ್ರತಿ ಬೇಸಿಗೆಯಲ್ಲಿ ಅಲ್ಲಿ ಏಳುತ್ತದೆ. ಆ ಪ್ರಶ್ನೆಗೆ ಉತ್ತರ ಹುಡುಕುವ ರೀತಿಯಲ್ಲಿಯೇ ಒಂದು ದೋಷವಿದೆ. ಆ ದೋಷವು ಆಟಕ್ಕಷ್ಟೇ ಸೀಮಿತವಾದುದಲ್ಲ.

ಮೊದಲು ವ್ಯವಸ್ಥೆಯ ಸ್ವರೂಪವನ್ನು ಅರಿಯಬೇಕು. ಅಮೆರಿಕೆಯಲ್ಲಿ ಪ್ರಥಮ ದರ್ಜೆಯ ಕಾಲೇಜು ತಂಡಗಳೇ ಮೂರು ನೂರನ್ನು ಮೀರುತ್ತವೆ. ಅವುಗಳಲ್ಲಿ ಆಡುವ ತರುಣರು ಸಾವಿರಗಟ್ಟಲೆ. 2011ರ ಡ್ರಾಫ್ಟ್‌ನಲ್ಲಿ 30 ತಂಡಗಳಿಗೆ, ಎರಡು ಸುತ್ತುಗಳಲ್ಲಿ, ಇದ್ದ ಸ್ಥಾನಗಳು 60 ಮಾತ್ರ. ಅವುಗಳಿಗೆ ಹೊರದೇಶದ ಆಟಗಾರರೂ ಸ್ಪರ್ಧಿಗಳು. ಮೊದಲ ಸುತ್ತಿನಲ್ಲಿ ಆಯ್ಕೆಯಾದವನಿಗೆ ಎರಡು ವರ್ಷಗಳ ಸಂಬಳ ಖಚಿತ. ಎರಡನೆಯ ಸುತ್ತಿನವನಿಗೆ ಅಂಥ ಯಾವ ಭರವಸೆಯೂ ಇಲ್ಲ. ಶಿಬಿರಕ್ಕೆ ಹೋಗಿ ಬರಿಗೈಯಲ್ಲಿ ಹಿಂದಿರುಗುವ ಸಾಧ್ಯತೆ ಅವನ ಬೆನ್ನಿಗೇ ಇರುತ್ತದೆ. ಹೀಗಾಗಿ ಡ್ರಾಫ್ಟ್‌ನ ಕ್ರಮಾಂಕವು ಬರಿಯ ಅಂಕಿಯಾಗಿ ಉಳಿಯುವುದಿಲ್ಲ. ತಪ್ಪು ಮಾಡಿಯೂ ಕಲಿಯಲು ಒಬ್ಬನಿಗೆ ಎಷ್ಟು ಕಾಲಾವಕಾಶ ದೊರೆಯುತ್ತದೆ ಎಂಬುದನ್ನೂ ಅದು ನಿರ್ಧರಿಸುತ್ತದೆ.

ಆ ವರ್ಷದ ಜೂನ್ ತಿಂಗಳಿನ ಒಂದೇ ರಾತ್ರಿ ಆಯ್ಕೆಯಾದ ಮೂವರು ಗಾರ್ಡ್‌ಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಹತ್ತನೆಯವನು ಜಿಮ್ಮರ್ ಫ್ರೆಡೆಟ್, ಹನ್ನೊಂದನೆಯವನು ಕ್ಲೇ ಥಾಂಪ್ಸನ್, ಅರವತ್ತನೆಯವನು, ಎಂದರೆ ಪಟ್ಟಿಯ ಕಟ್ಟಕಡೆಯವನು, ಐಸೇಯಾ ಥಾಮಸ್.

ಫ್ರೆಡೆಟ್ ಯೂಟಾ ರಾಜ್ಯದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಆಟಗಾರ. 2010-11ರ ಋತುವಿನಲ್ಲಿ ಪಂದ್ಯವೊಂದಕ್ಕೆ ಸರಾಸರಿ 28.9 ಅಂಕ ಗಳಿಸಿ ಇಡೀ ದೇಶದ ಕಾಲೇಜು ಆಟಗಾರರಲ್ಲಿ ಅಗ್ರಸ್ಥಾನ ಪಡೆದನು. ವರ್ಷದ ಶ್ರೇಷ್ಠ ಆಟಗಾರನಿಗೆ ಸಲ್ಲುವ ನೈಸ್ಮಿತ್ ಮತ್ತು ವುಡನ್ ಪ್ರಶಸ್ತಿಗಳೆರಡೂ ಅವನವಾದವು. ಥಾಂಪ್ಸನ್ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದವನು. ಆರೂವರೆ ಅಡಿ ಎತ್ತರ, ನೇರವಾದ ಹೊಡೆತ, ಮಾತು ಕಡಿಮೆ. ಎನ್‌ಬಿಎಯಲ್ಲಿ ಆಡಿದ ತಂದೆಯ ಮಗ. ಥಾಮಸ್ ಅದೇ ರಾಜ್ಯದ ಎದುರಾಳಿ ವಿಶ್ವವಿದ್ಯಾಲಯದವನು. ಎತ್ತರ 5 ಅಡಿ 9 ಅಂಗುಲ. ಸಾಮಾನ್ಯರ ನಡುವೆ ಅದು ಗಿಡ್ಡತನವಲ್ಲ; ಆದರೆ ದೈತ್ಯರ ಆ ಅಂಗಳದಲ್ಲಿ ಅದನ್ನು ಅಂಗವೈಕಲ್ಯವೆಂಬಂತೆ ಕಂಡವರೇ ಹೆಚ್ಚು. ಫ್ರೆಡೆಟ್‌ನನ್ನು ಮಿಲ್ವಾಕೀ ಆರಿಸಿತಾದರೂ ಕೂಡಲೇ ನಡೆದ ವಿನಿಮಯದಲ್ಲಿ ಅವನು ಸ್ಯಾಕ್ರಮೆಂಟೊ ಸೇರಿದನು. ಥಾಮಸ್‌ನನ್ನು ಆರಿಸಿದ್ದೂ ಸ್ಯಾಕ್ರಮೆಂಟೊ ತಂಡವೇ. ಹತ್ತನೆಯವನೂ ಅರವತ್ತನೆಯವನೂ ಒಂದೇ ಅಂಗಳದಲ್ಲಿ, ಒಂದೇ ತರಬೇತುದಾರನ ಕಣ್ಣಿನ ಕೆಳಗೆ ನಿಂತರು. ಇಂಥ ಹೋಲಿಕೆ ಬಯಸಿದರೂ ಸಿಗುವುದಿಲ್ಲ.

ಕಾಲೇಜಿನಿಂದ ವೃತ್ತಿಗೆ ಬರುವಾಗ ಆಟದಲ್ಲಿ ಏನು ಬದಲಾಗುತ್ತದೆ? ಆ ಕಾಲದಲ್ಲಿ ಕಾಲೇಜಿನ ಮೂರಂಕದ ಗೆರೆ ಬುಟ್ಟಿಯಿಂದ 20 ಅಡಿ 9 ಅಂಗುಲ ದೂರದಲ್ಲಿತ್ತು. ಎನ್‌ಬಿಎಯಲ್ಲಿ ಅದು, ಮೂಲೆಗಳನ್ನು ಬಿಟ್ಟರೆ, 23 ಅಡಿ 9 ಅಂಗುಲ. ಕಾಲೇಜಿನಲ್ಲಿ ಚೆಂಡು ಕೈಗೆ ಬಂದ ತಂಡ 35 ಸೆಕೆಂಡುಗಳೊಳಗೆ ಬುಟ್ಟಿಗೆ ಎಸೆಯಬೇಕಿತ್ತು. ಎನ್‌ಬಿಎಯಲ್ಲಿ 24 ಸೆಕೆಂಡುಗಳೊಳಗೆ. ಪಂದ್ಯ 40 ನಿಮಿಷಗಳಿಂದ 48ಕ್ಕೆ ಏರುತ್ತದೆ. ಋತುವಿಗೆ ಮೂವತ್ತೈದರ ಆಸುಪಾಸಿನ ಪಂದ್ಯಗಳ ಬದಲು 82 ಪಂದ್ಯಗಳು. ಎದುರು ನಿಲ್ಲುವವನು ಕಾಲೇಜಿನ ಹುಡುಗನಲ್ಲ. ತೋಳು ಚಾಚಿದರೆ ಅರ್ಧ ಅಂಗಳ ಮುಚ್ಚುವ ಪಳಗಿದ ಆಳು. ದೂರ ಹೆಚ್ಚುತ್ತದೆ, ಕಾಲ ಕುಗ್ಗುತ್ತದೆ, ತೆರಪು ಮುಚ್ಚುತ್ತದೆ.

ಇವೆಲ್ಲಕ್ಕಿಂತ ದೊಡ್ಡ ಬದಲಾವಣೆಯೊಂದು ಅಳತೆಪಟ್ಟಿಗೆ ಸಿಗುವುದಿಲ್ಲ. ಕಾಲೇಜಿನಲ್ಲಿ ಶ್ರೇಷ್ಠ ಗಾರ್ಡ್ ಎಂದರೆ ಚೆಂಡು ಅವನದೇ. ಇಡೀ ತಂಡದ ರಚನೆ ಅವನ ಸುತ್ತ ನೇಯಲ್ಪಟ್ಟಿರುತ್ತದೆ. ಅವನು ತಪ್ಪಿದರೂ ಮುಂದಿನ ಸಲ ಚೆಂಡು ಮರಳಿ ಅವನ ಕೈಗೇ ಬರುತ್ತದೆ. ವೃತ್ತಿಗೆ ಕಾಲಿಟ್ಟ ದಿನ ಆ ರಾಜ್ಯಭಾರ ಮುಗಿಯುತ್ತದೆ. ಅಲ್ಲಿ ಚೆಂಡಿನ ಒಡೆಯರು ಆಗಲೇ ಬೇರೆ ಇರುತ್ತಾರೆ. ಹೊಸಬನಿಗೆ ದೊರೆಯುವುದು ಹತ್ತೋ ಹದಿನೈದೋ ನಿಮಿಷ. ಆ ನಿಮಿಷಗಳಲ್ಲಿ ಬಹುಪಾಲು ಅವನ ಕೈ ಖಾಲಿ. ಆದ್ದರಿಂದ ಕಾಲೇಜಿನ ಗಾರ್ಡ್‌ನ ಭವಿಷ್ಯವನ್ನು ಅಳೆಯುವವರು ಕೇಳಬೇಕಾದ ಮೊದಲ ಪ್ರಶ್ನೆ ಇದು: ಕೈಯಲ್ಲಿ ಚೆಂಡು ಇಲ್ಲದಿರುವಾಗ ಇವನು ಯಾರು?

ಈ ಪ್ರಶ್ನೆಗೆ ಅತ್ಯಂತ ಸ್ಪಷ್ಟವಾದ ಉತ್ತರ ಥಾಂಪ್ಸನ್. 2016ರ ಡಿಸೆಂಬರ್ 5ರಂದು ಇಂಡಿಯಾನಾ ತಂಡದ ವಿರುದ್ಧ ಅವನು 29 ನಿಮಿಷಗಳಲ್ಲಿ 60 ಅಂಕ ಗಳಿಸಿದನು. ಅದಕ್ಕಾಗಿ ಅವನು ಚೆಂಡನ್ನು ನೆಲಕ್ಕೆ ಪುಟಿಸಿದ್ದು ಕೇವಲ 11 ಸಲ; ಚೆಂಡು ಅವನ ಕೈಯಲ್ಲಿ ಇದ್ದುದು ಒಟ್ಟಾರೆ ಒಂದೂವರೆ ನಿಮಿಷ. ಉಳಿದ ಕಾಲವೆಲ್ಲ ಅವನು ಓಡಿದನು, ಸಹ ಆಟಗಾರರ ಮೈಯ ಮರೆಯನ್ನು ಬಳಸಿ ಕಾವಲಿನವನನ್ನು ತಪ್ಪಿಸಿದನು, ಬರಿದಾದ ಜಾಗದಲ್ಲಿ ಸಿದ್ಧನಾಗಿ ನಿಂತನು. ಚೆಂಡು ಬಂದಾಗ ಎಸೆಯುವುದಷ್ಟೇ ಬಾಕಿ ಇರುತ್ತಿತ್ತು. ಎದುರು ತಂಡದ ಬಲಿಷ್ಠ ಗಾರ್ಡ್‌ನನ್ನು ತಡೆಯುವ ಹೊಣೆಯೂ ಅನೇಕ ವರ್ಷ ಅವನದಾಗಿತ್ತು. ಪಕ್ಕದಲ್ಲಿ ಸ್ಟೀಫನ್ ಕರಿಯಂಥ ಆಟಗಾರನಿದ್ದಾಗ ಥಾಂಪ್ಸನ್‌ಗೆ ಚೆಂಡಿನ ಒಡೆತನ ಬೇಕಾಗಲಿಲ್ಲ. ಗೋಲ್ಡನ್ ಸ್ಟೇಟ್ ತಂಡದಲ್ಲಿ ಅವನು ನಾಲ್ಕು ಸಲ ಲೀಗ್ ಪ್ರಶಸ್ತಿ ಪಡೆದನು. ಅಂದು ಅವನು ಫ್ರೆಡೆಟ್‌ನ ಹಿಂದಿನ ಹೆಸರು.

ಫ್ರೆಡೆಟ್‌ನ ಸಂಗತಿ ಜನ ಹೇಳುವಷ್ಟು ಸರಳವಲ್ಲ. ‘ಅವನ ಹೊಡೆತ ದೊಡ್ಡ ಲೀಗ್‌ನಲ್ಲಿ ನಡೆಯಲಿಲ್ಲ’ ಎಂಬ ಮಾತು ನಿಜವಲ್ಲ. ಎನ್‌ಬಿಎಯಲ್ಲಿ ಅವನು ಮಾಡಿದ ಮೂರಂಕದ ಪ್ರಯತ್ನಗಳಲ್ಲಿ ಶೇಕಡಾ 37ರಷ್ಟು ಬುಟ್ಟಿ ಸೇರಿದವು; ಅದು ಒಳ್ಳೆಯ ಲೆಕ್ಕವೇ. ನಡೆಯದೆ ಹೋದದ್ದು ಅವನ ಆಟದ ರೀತಿ. ಚೆಂಡನ್ನು ಪುಟಿಸುತ್ತ, ಎದುರಾಳಿಯ ಲಯವನ್ನು ಕೆಡಿಸುತ್ತ, ತನಗೆ ಬೇಕಾದ ಕ್ಷಣವನ್ನು ತಾನೇ ಸೃಷ್ಟಿಸಿಕೊಳ್ಳುವ ಆಟಗಾರ ಅವನು. ಸ್ಯಾಕ್ರಮೆಂಟೊದಲ್ಲಿ ಅದಕ್ಕೆ ಎಡೆಯಿರಲಿಲ್ಲ. ಟೈರೀಕ್ ಇವಾನ್ಸ್, ಮಾರ್ಕಸ್ ಥಾರ್ನ್‌ಟನ್ ಮೊದಲಾದವರ ಕೈಯಲ್ಲಿ ಚೆಂಡು ಆಗಲೇ ಇತ್ತು. ವೇಗದ ಗಾರ್ಡ್‌ಗಳನ್ನು ತಡೆಯುವಲ್ಲಿ ಅವನ ಕಾಲು ಹಿಂದೆ ಬೀಳುತ್ತಿದ್ದುದರಿಂದ, ಅಂಕ ಬಾರದ ದಿನ ಅವನನ್ನು ಅಂಗಳದಲ್ಲಿ ಉಳಿಸಿಕೊಳ್ಳಲು ತರಬೇತುದಾರನಿಗೆ ಬೇರೆ ಕಾರಣವೇ ಇರುತ್ತಿರಲಿಲ್ಲ. ಅದರ ಮೇಲೆ ಗ್ರಹಚಾರವೂ ಕೂಡಿತು. ಮಾಲೀಕರಿಗೂ ಆಟಗಾರರಿಗೂ ನಡೆದ ಜಗ್ಗಾಟದಿಂದ ಆ ವರ್ಷದ ಋತು ಡಿಸೆಂಬರ್ ಕೊನೆಯಲ್ಲಿ ಆರಂಭವಾಗಿ 66 ಪಂದ್ಯಗಳಿಗೆ ಇಳಿಯಿತು. ಹೊಸಬರಿಗೆ ಬೇಕಾದ ಬೇಸಿಗೆಯ ತಯಾರಿ ತಪ್ಪಿತು. ಜನವರಿಯಲ್ಲಿಯೇ ತರಬೇತುದಾರ ಪಾಲ್ ವೆಸ್ಟ್‌ಫಾಲ್ ಕೆಲಸ ಕಳೆದುಕೊಂಡರು. 2014ರ ಫೆಬ್ರವರಿಯಲ್ಲಿ ತಂಡ ಫ್ರೆಡೆಟ್‌ನನ್ನು ಬಿಟ್ಟುಕೊಟ್ಟಿತು.

ಆ ಗೊಂದಲದಲ್ಲಿಯೇ ಥಾಮಸ್ ಬಾಗಿಲು ಕಂಡುಕೊಂಡನು. ಹೊಸ ತರಬೇತುದಾರ ಕೀತ್ ಸ್ಮಾರ್ಟ್ ಕೆಲವೇ ವಾರಗಳಲ್ಲಿ ಅವನನ್ನು ಆರಂಭಿಕ ಐವರಲ್ಲಿ ನಿಲ್ಲಿಸಿದರು. ಮೊದಲ ವರ್ಷದ ಕೊನೆಯಲ್ಲಿ ಅವನ ಸರಾಸರಿ 11.5 ಅಂಕ, ಫ್ರೆಡೆಟ್‌ನದು 7.6. ಥಾಮಸ್‌ಗೆ ಇದ್ದ ಅನುಕೂಲವೇನು? ಎತ್ತರ ಇಲ್ಲದವನು ಚಿಕ್ಕಂದಿನಿಂದಲೂ ಕುಗ್ಗಿದ ಜಾಗದಲ್ಲಿಯೇ ಆಡಿ ಬೆಳೆದಿರುತ್ತಾನೆ. ತನಗಿಂತ ಎತ್ತರದವರ ತೋಳುಗಳ ಅಡಿಯಲ್ಲಿ ನುಸುಳುವುದು, ಮೈಯನ್ನು ಗುರಾಣಿಯಾಗಿಸಿ ಚೆಂಡನ್ನು ಕಾಯುವುದು, ಅರೆಗಳಿಗೆ ಮುಂಚೆ ಎಸೆಯುವುದು ಅವನಿಗೆ ಹೊಸ ಪಾಠವಾಗಿರಲಿಲ್ಲ. ಉಳಿದವರು ವೃತ್ತಿಗೆ ಬಂದ ಮೇಲೆ ಎದುರಿಸಿದ ಇಕ್ಕಟ್ಟನ್ನು ಅವನು ಶಾಲೆಯ ದಿನಗಳಿಂದಲೇ ಎದುರಿಸಿದ್ದನು. ಯಾವುದನ್ನು ಕೊರತೆಯೆಂದು ಪಟ್ಟಿಯ ಕೊನೆಗೆ ತಳ್ಳಿದರೋ ಅದೇ ಅವನ ತರಬೇತಿಯಾಗಿತ್ತು. 2016-17ರಲ್ಲಿ ಬಾಸ್ಟನ್ ತಂಡದಲ್ಲಿ ಆಡುತ್ತ ಅವನು ಸರಾಸರಿ 28.9 ಅಂಕ ಗಳಿಸಿದನು. ಫ್ರೆಡೆಟ್ ಕಾಲೇಜಿನಲ್ಲಿ ಗಳಿಸಿದ ಸರಾಸರಿಯೂ ಅಷ್ಟೇ. ಅಂಕಿ ಒಂದೇ, ಅದನ್ನು ಗಳಿಸಿದ ನೆಲ ಬೇರೆ.

ಇಷ್ಟಕ್ಕೇ ಕಥೆ ಮುಗಿಸಿದರೆ ‘ಪ್ರತಿಭೆ ಎಂದಾದರೂ ಗೆದ್ದೇ ಗೆಲ್ಲುತ್ತದೆ’ ಎಂಬ ಹಿತವಾದ ಉಪದೇಶ ಸಿದ್ಧವಾಗುತ್ತದೆ. ಆದರೆ ಅದೇ 2017ರಲ್ಲಿ ಥಾಮಸ್‌ನ ಸೊಂಟದ ಕೀಲಿಗೆ ಪೆಟ್ಟಾಯಿತು. ಬಾಸ್ಟನ್ ಅವನನ್ನೂ ಇನ್ನಿತರರನ್ನೂ ಕ್ಲೀವ್‌ಲ್ಯಾಂಡ್‌ಗೆ ಕೊಟ್ಟು ಕೈರಿ ಅರ್ವಿಂಗ್‌ನನ್ನು ಪಡೆದುಕೊಂಡಿತು. 2011ರ ಪಟ್ಟಿಯ ಅರವತ್ತನೆಯವನ ಬದಲಿಗೆ ಬಂದವನು ಅದೇ ಪಟ್ಟಿಯ ಮೊದಲನೆಯವನು. ಆ ಬಳಿಕ ಥಾಮಸ್ ತಂಡದಿಂದ ತಂಡಕ್ಕೆ ಅಲೆದನು. ಹಳೆಯ ವೇಗ ಮರಳಲಿಲ್ಲ. ಅವನ ಉಚ್ಛ್ರಾಯದ ದಿನಗಳು ನಾಲ್ಕು ವರ್ಷಕ್ಕೆ 2.7 ಕೋಟಿ ಡಾಲರಿನ ಹಳೆಯ ಒಪ್ಪಂದದಲ್ಲಿಯೇ ಕಳೆದವು. ಅವನಿಗಿಂತ ಕಡಿಮೆ ಸಾಧಿಸಿದ ಅನೇಕರು ಅದಕ್ಕಿಂತ ಎಷ್ಟೋ ಹೆಚ್ಚು ಪಡೆದರು. ಯೋಗ್ಯತೆಯೂ ಅವಕಾಶವೂ ಕೂಡಿ ಬಂದ ಮೇಲೂ ದೇಹವು ಒಪ್ಪಬೇಕು. ದೇಹದ ಒಪ್ಪಿಗೆಯನ್ನು ಯಾವ ಪಂಡಿತನೂ ಮೊದಲೇ ಬರೆದಿಡಲಾರನು.

ಹಾಗಾದರೆ ಆಯ್ಕೆಗಾರರ ಕಣ್ಣು ಕುರುಡೇ? ಅಲ್ಲ. ಮೊದಲನೆಯ ಅರ್ವಿಂಗ್ ಕಾಲೇಜಿನಲ್ಲಿ ಆಡಿದ್ದು 11 ಪಂದ್ಯಗಳನ್ನಷ್ಟೇ; ಅಷ್ಟರಲ್ಲಿಯೇ ಅವನ ಸತ್ವವನ್ನು ಗುರುತಿಸಿದ್ದು ಸರಿಯಾಯಿತು. ಒಂಬತ್ತನೆಯ ಕೆಂಬಾ ವಾಕರ್ ನಾಲ್ಕು ಸಲ ಆಲ್‌ಸ್ಟಾರ್ ಎನಿಸಿದನು. ಅರವತ್ತನೆಯವರಾಗಿ ಬಂದವರಲ್ಲಿ ಹೆಚ್ಚಿನವರು ಲೀಗ್‌ನಲ್ಲಿ ನೆಲೆ ನಿಲ್ಲಲಿಲ್ಲ ಎಂಬುದನ್ನೂ ಮರೆಯಬಾರದು. ಥಾಮಸ್ ಅಪವಾದ, ನಿಯಮವಲ್ಲ. ಇಲ್ಲಿ ಆಕ್ಷೇಪ ಊಹೆ ಮಾಡುವುದರ ಬಗೆಗಲ್ಲ. ಮೊತ್ತವನ್ನು ನೋಡಿ ಊಹಿಸುವುದರ ಬಗೆಗೆ. ಅಂಕಗಳ ಮೊತ್ತ ಒಬ್ಬನು ಏನು ಗಳಿಸಿದನೆಂದು ಹೇಳುತ್ತದೆ. ಯಾವ ಅನುಕೂಲದಲ್ಲಿ ಗಳಿಸಿದನೆಂದು ಹೇಳುವುದಿಲ್ಲ. ಆ ಅನುಕೂಲಗಳನ್ನು ಒಂದೊಂದಾಗಿ ತೆಗೆದುಹಾಕಿದ ಮೇಲೆ ಉಳಿಯುವುದೆಷ್ಟು ಎಂದು ಕೇಳುವ ತಾಳ್ಮೆ ಬೇಕು.

‘ಸಫಲ’, ‘ವಿಫಲ’ ಎಂಬ ಪದಗಳನ್ನು ಬಳಸುವಾಗಲೂ ಅದೇ ತಾಳ್ಮೆ ಬೇಕು. ಅಮೆರಿಕೆಯ ಪತ್ರಿಕೆಗಳು ಫ್ರೆಡೆಟ್‌ನ ಹೆಸರನ್ನು ಹುಸಿಯಾದ ನಿರೀಕ್ಷೆಗೆ ಉದಾಹರಣೆಯಾಗಿ ಬಳಸಿದವು. ಅವನು 2016ರಲ್ಲಿ ಚೀನಾದ ಶಾಂಘಾಯ್ ತಂಡ ಸೇರಿದನು. ಅಲ್ಲಿ ಚೆಂಡು ಮತ್ತೆ ಅವನದಾಯಿತು. ಮೊದಲ ಋತುವಿನಲ್ಲಿಯೇ ಸರಾಸರಿ 37.6 ಅಂಕ, 2017ರಲ್ಲಿ ಒಂದೇ ಪಂದ್ಯದಲ್ಲಿ 73. ಅಲ್ಲಿಯ ಜನ ಅವನಿಗೆ ‘ಏಕಾಕಿ ಗುರು’ ಎಂಬರ್ಥದ ಹೆಸರಿಟ್ಟು ಮೆರೆಸಿದರು. ಮುಂದೆ ಮೂವರು ಮೂವರಾಗಿ ಆಡುವ 3x3 ಆಟದಲ್ಲಿ ಅಮೆರಿಕೆಯ ತಂಡಕ್ಕೆ ಆಯ್ಕೆಯಾಗಿ 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೂ ಹೋದನು. ಗಾಯದಿಂದಾಗಿ ಅರ್ಧದಲ್ಲಿಯೇ ಹೊರಗುಳಿಯಬೇಕಾದುದು ಬೇರೆ ಮಾತು. ಒಂದು ಲೀಗ್‌ನಲ್ಲಿ ಸ್ಥಾನ ಸಿಗದವನು ಆಟದಲ್ಲಿಯೇ ಸೋತವನೆಂದು ತೀರ್ಮಾನಿಸುವುದು ಅವಸರದ ವಿಮರ್ಶೆ.

ಗಡಿಭಾಗದ ಕಾಲೇಜಿನಲ್ಲಿ ಐಚ್ಛಿಕ ಕನ್ನಡ ಓದುವವರಿಗೂ ಇಂಥ ಅವಸರದ ವಿಮರ್ಶಕರ ಪರಿಚಯವಿದೆ. ‘ಕನ್ನಡ ಓದಿ ಏನಾಗುವಿ?’ ಎಂದು ಕೇಳುವವರಿಗೆ ಅಂಕಪಟ್ಟಿಯ ಮೊತ್ತ ಉತ್ತರವಾಗಲಾರದು. ಪರೀಕ್ಷೆಯ ಮೂರು ಗಂಟೆಗಳಲ್ಲಿ, ಮೊದಲೇ ಓದಿಕೊಂಡ ಪ್ರಶ್ನೆಗೆ, ನಾಲ್ಕು ಪುಟ ಬರೆಯುವುದು ಕಾಲೇಜಿನ ಅಂಗಳದ ಆಟ. ಮರಾಠಿಯಲ್ಲಿ ಬಂದ ವರದಿಯನ್ನು ಅರ್ಧ ಗಂಟೆಯೊಳಗೆ ನೂರೈವತ್ತು ಪದಗಳ ತಿಳಿಗನ್ನಡಕ್ಕೆ ಇಳಿಸುವುದು, ಕನ್ನಡವನ್ನು ಮನೆಯಲ್ಲಿ ಮಾತ್ರ ಕೇಳಿದ ಮಕ್ಕಳಿಗೆ ಒತ್ತಕ್ಷರ ಕಲಿಸುವುದು, ಕಾಲವೂ ಜಾಗವೂ ಕುಗ್ಗಿದ ಅಂಗಳದ ಆಟ. ಎರಡು ನುಡಿಗಳ ನಡುವಿನ ಇಕ್ಕಟ್ಟಿನಲ್ಲಿ ಬೆಳೆದವರಿಗೆ ಆ ಎರಡನೆಯ ಆಟದ ಅಭ್ಯಾಸ ಸ್ವಲ್ಪಮಟ್ಟಿಗೆ ಆಗಲೇ ಆಗಿರುತ್ತದೆ. ಆದರೆ ಅದನ್ನು ಅಭ್ಯಾಸವೆಂದು ಗುರುತಿಸಿ, ದಿನವೂ ತೀಡಿಕೊಂಡವರಿಗೆ ಮಾತ್ರ ಅದು ಕೈಗೂಡುತ್ತದೆ.

ಗಾದೆಗಳನ್ನು ತಳ್ಳಿಹಾಕಬೇಕಾಗಿಲ್ಲ. ಮೊಳಕೆಯಲ್ಲಿ ಕಾಣುವುದು ಬೀಜದ ಗುಣವೇ ಸರಿ. ಆದರೆ ನೆಲದ ಗುಣ, ಮಳೆಯ ಗುಣ ಮೊಳಕೆಯಲ್ಲಿ ಕಾಣುವುದಿಲ್ಲ. ಮುಂದಿನ ವರ್ಷ ಇನ್ನೊಬ್ಬ ಗಾರ್ಡ್ ಕಾಲೇಜಿನಲ್ಲಿ ಮೂವತ್ತರ ಸರಾಸರಿ ಗಳಿಸಿ ಬಂದಾಗ ಪತ್ರಿಕೆಗಳು ಆ ಅಂಕಿಯನ್ನೇ ದಪ್ಪ ಅಕ್ಷರಗಳಲ್ಲಿ ಅಚ್ಚು ಹಾಕುತ್ತವೆ. ತಿಳಿದವರು ಅವನ ಹಳೆಯ ಪಂದ್ಯವೊಂದನ್ನು ಮತ್ತೆ ಹಾಕಿಕೊಂಡು, ಚೆಂಡನ್ನು ನೋಡುವುದನ್ನು ಬಿಟ್ಟು, ಚೆಂಡು ಇನ್ನೊಬ್ಬನ ಕೈಯಲ್ಲಿದ್ದಾಗ ಅವನ ಕಾಲುಗಳು ಎಲ್ಲಿ ಹೋಗುತ್ತವೆ ಎಂಬುದನ್ನು ನೋಡಬೇಕು.