ನಾಲ್ಕನೆಯವನಿಗೆ ಜಾಗ

ಊರು ಬಿಡುವುದು ಒಂದು ದಿನದ ಕೆಲಸ. ಇನ್ನೊಂದು ಊರನ್ನು ಸೇರುವುದು ಹಲವು ವರ್ಷಗಳ ಕೆಲಸ. ಪೆಟ್ಟಿಗೆಗೆ ನಾಲ್ಕು ಜೊತೆ ಬಟ್ಟೆ ತುಂಬಿ, ಹಿರಿಯರ ಕಾಲಿಗೆರಗಿ, ತಾಯಿ ಕಟ್ಟಿಕೊಟ್ಟ ಬುತ್ತಿಯನ್ನು ಕೈಯಲ್ಲಿ ಹಿಡಿದು ಬಸ್ಸು ಹತ್ತಿದರೆ ಮೊದಲನೆಯದು ಮುಗಿಯಿತು. ಎರಡನೆಯದು ಎಂದು ಮುಗಿಯಿತೆಂದು ಹೇಳುವುದು ಸುಲಭವಲ್ಲ. ಇಪ್ಪತ್ತು ವರ್ಷ ಒಂದೇ ಬೀದಿಯಲ್ಲಿ ಬಾಳಿಯೂ ಆ ಬೀದಿಗೆ ಸೇರದೆ ಉಳಿದವರುಂಟು. ಎರಡೇ ವರ್ಷಗಳಲ್ಲಿ ನೆರೆಹೊರೆಯ ಕಷ್ಟಸುಖಗಳಲ್ಲಿ ಪಾಲುಗೊಂಡವರೂ ಉಂಟು. ಹೋದವನು ಹೊಂದಿಕೊಳ್ಳಬೇಕು, ಅಷ್ಟೇ ಎಂದು ಹೇಳಿ ಸುಮ್ಮನಾಗುವವರೇ ಹೆಚ್ಚು. ಆ ಮಾತು ಸುಳ್ಳಲ್ಲ. ಆದರೆ ಅದು ಅರ್ಧ ಮಾತು. ಕನ್ನಡ ನಾಡಿನ ಕರಾವಳಿಯಿಂದ ಮುಂಬಯಿಗೆ ಹೋದ ಜನರ ಬಾಳನ್ನು ನೋಡಿದರೆ ಉಳಿದರ್ಧವು ಎಲ್ಲಿದೆಯೆಂಬುದು ತಿಳಿಯುತ್ತದೆ.

ಕರಾವಳಿಯ ಗದ್ದೆಗಳು ಚಿಕ್ಕವು, ಕುಟುಂಬಗಳು ದೊಡ್ಡವು. ಗೇಣಿಯ ಭತ್ತವನ್ನು ಅಳೆದುಕೊಟ್ಟ ಮೇಲೆ ಉಳಿದದ್ದು ಅನೇಕ ಮನೆಗಳಲ್ಲಿ ವರ್ಷಕ್ಕೆ ಸಾಲುತ್ತಿರಲಿಲ್ಲ. ಅತ್ತ ಮುಂಬಯಿಯಲ್ಲಿ ಬಟ್ಟೆಯ ಗಿರಣಿಗಳು, ಬಂದರು, ರೈಲ್ವೆ, ಕಚೇರಿಗಳು ಬೆಳೆದಿದ್ದವು. ಮನೆಮಠ ಬಿಟ್ಟು ಬಂದ ಲಕ್ಷಾಂತರ ದುಡಿಮೆಗಾರರಿಗೆ ಹೊತ್ತಿಗೆ ಸರಿಯಾಗಿ ಅಗ್ಗದ ಊಟ ತಿಂಡಿ ಬೇಕಾಗಿದ್ದವು. ಹೀಗೆ ಒಂದೆಡೆಯ ಹಸಿವು ಇನ್ನೊಂದೆಡೆಯ ಹಸಿವನ್ನು ತಣಿಸಲು ಹೊರಟಿತು. ಮಂಗಳೂರಿನಿಂದ ಮುಂಬಯಿಗೆ ಸುಮಾರು 900 ಕಿಲೋಮೀಟರು. 1998ರಲ್ಲಿ ಕೊಂಕಣ ರೈಲುಮಾರ್ಗವು ಪೂರ್ಣವಾಗುವ ತನಕ ಕಡಲಂಚಿನ ಉದ್ದಕ್ಕೂ ಸಾಗುವ ನೇರ ರೈಲು ಇರಲಿಲ್ಲ. ಹಿಂದಿನ ತಲೆಮಾರಿನವರು ಹಡಗಿನಲ್ಲಿ ಹೋದರು; ಅನಂತರದವರು ಹಗಲಿರುಳು ಬಸ್ಸಿನಲ್ಲಿ ಕುಳಿತು ಹೋದರು. ಹೋದವರಲ್ಲಿ ಬಹುಮಂದಿ ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡ ಕಲಿತವರು. ಮರಾಠಿಯ ಗಂಧವೇ ಇಲ್ಲದವರೂ ಇದ್ದರು.

ಅಂತಹ ಒಬ್ಬ ಹುಡುಗನ ಮೊದಲ ತಿಂಗಳನ್ನು ಊಹಿಸಿಕೊಳ್ಳಬಹುದು. ಊರಿನಲ್ಲಿ ಅವನು ಇಂಥವರ ಮಗ, ಇಂಥ ಮನೆಯವನು. ಇಲ್ಲಿ ಅವನನ್ನು ಕೇಳುವವರಿಲ್ಲ. ಬಸ್ಸಿನ ಮುಂಭಾಗದ ಸಂಖ್ಯೆಯು ದೇವನಾಗರಿ ಅಂಕಿಗಳಲ್ಲಿರುತ್ತಿತ್ತು; ಅವುಗಳಲ್ಲಿ ಕೆಲವು ಕನ್ನಡದ ಅಂಕಿಗಳನ್ನು ಹೋಲುತ್ತವೆ, ಕೆಲವು ಹೋಲುವುದಿಲ್ಲ. ಹೋಲುವವನ್ನು ನಂಬಿ ಹೋಲದವುಗಳಲ್ಲಿ ಅವನು ಮೋಸಹೋದನು. ರೈಲಿನಲ್ಲಿಯೂ ಅಷ್ಟೇ. ಎಲ್ಲ ನಿಲ್ದಾಣಗಳಲ್ಲಿ ನಿಲ್ಲುವ ಗಾಡಿ ಬೇರೆ, ಕೆಲವೆಡೆ ಮಾತ್ರ ನಿಲ್ಲುವ ಫಾಸ್ಟ್ ಗಾಡಿ ಬೇರೆ ಎಂಬುದು ಅವನಿಗೆ ಗೊತ್ತಾದದ್ದು ಇಳಿಯಬೇಕಾದ ನಿಲ್ದಾಣವು ಕಣ್ಣೆದುರಿಗೇ ಹಿಂದೆ ಸರಿದು ಹೋದಾಗ. ಇಳಿಯುವವನು ಮೊದಲೇ ಎದ್ದು ಬಾಗಿಲ ಕಡೆಗೆ ಸರಿಯಬೇಕು. ಮುಂದೆ ನಿಂತವನನ್ನು ‘ದಾದರ್‌ಲಾ ಉತರಣಾರ್ ಕಾ?’ ಎಂದು ಕೇಳಬೇಕು. ಈ ಒಂದು ವಾಕ್ಯವೇ ಅವನ ಮೊದಲ ಮರಾಠಿ ಪಾಠ. ದುಡಿಮೆ ಮುಗಿದ ಮೇಲೆ ಹೋಟೆಲಿನ ಮೇಜುಗಳನ್ನು ಬದಿಗೆ ಸರಿಸಿ, ಅಲ್ಲಿಯೇ ಚಾಪೆ ಹಾಸಿ ಮಲಗುವುದು. ತಿಂಗಳಿಗೊಮ್ಮೆ ಮನಿಆರ್ಡರಿನೊಡನೆ ‘ನಾನು ಕ್ಷೇಮ’ ಎಂದು ಬರೆಯುವುದು. ಆ ಎರಡು ಶಬ್ದಗಳ ಹಿಂದೆ ಅಡಗಿದುದು ಊರಿನ ಅಂಚೆಯವನಿಗೂ ತಿಳಿಯುತ್ತಿರಲಿಲ್ಲ, ತಾಯಿಗೂ ತಿಳಿಯುತ್ತಿರಲಿಲ್ಲ.

ಮದುವೆಯಾಗಿ ಹೋದ ಹೆಣ್ಣುಮಕ್ಕಳ ಪಾಡು ಇದಕ್ಕಿಂತ ಭಿನ್ನ. ಅಂಗಳ, ಬಾವಿ, ತೆಂಗಿನ ತೋಟ ಇವುಗಳ ನಡುವೆ ಬೆಳೆದವಳು ಚಾಳಿನ ಒಂದೇ ಕೋಣೆಯಲ್ಲಿ ಸಂಸಾರ ಹೂಡಬೇಕು. ಬಾವಿಯ ನೀರಿಗೆ ಹೊತ್ತಿಲ್ಲ; ನಲ್ಲಿಯ ನೀರಿಗೆ ಹೊತ್ತುಂಟು. ಬೆಳಗಿನ ಜಾವ ಕೊಡ ಹಿಡಿದು ಸರದಿಯಲ್ಲಿ ನಿಂತಲ್ಲಿಯೇ ಅವಳು ನಗರದ ಭಾಷೆಯನ್ನು ಕಲಿತಳು. ಗಂಡನಿಗಿಂತ ಬೇಗನೆ ಕಲಿತಳು ಎಂದರೂ ತಪ್ಪಾಗದು. ನೀರುಳ್ಳಿಯನ್ನು ಕಾಂದಾ ಎನ್ನಬೇಕೆಂದು ತಿಳಿಯಿತು. ಊರಿನ ಬಟಾಟೆ ಇಲ್ಲಿ ಬಟಾಟಾ ಆಗಿ ನಗುನಗುತ್ತ ಎದುರಾಯಿತು. ಮರಾಠಿಯಲ್ಲಿ ‘ತಾಈ’ ಎಂದರೆ ಅಕ್ಕ. ನೆರೆಮನೆಯ ಮುದುಕಿಯನ್ನು ಗೌರವದಿಂದ ‘ತಾಯೀ’ ಎಂದು ಕರೆದರೆ ಆ ಮುದುಕಿಗೆ ತನ್ನನ್ನು ಅಕ್ಕನೆಂದು ಕರೆದಂತೆ ಕೇಳಿಸಿತು. ಇದರಿಂದ ಯಾರಿಗೂ ನಷ್ಟವಾಗಲಿಲ್ಲ. ಅಕ್ಕ, ಅಣ್ಣ, ಅಪ್ಪ ಎಂಬ ಮಾತುಗಳಂತೂ ಎರಡು ಭಾಷೆಗಳಲ್ಲಿಯೂ ಎಷ್ಟೋ ಕಾಲದಿಂದ ಬಳಕೆಯಲ್ಲಿವೆ. ಮನುಷ್ಯರಿಗಿಂತ ಮೊದಲೇ ಮಾತುಗಳು ವಲಸೆ ಹೋಗಿದ್ದವು.

ಇಂತಹ ಹೊತ್ತಿನಲ್ಲಿ ಕೈಹಿಡಿದವು ಅಲ್ಲಿನ ಸಂಘಗಳು. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರಲ್ಲಿ ಮೈಸೂರು ಅಸೋಸಿಯೇಷನ್, ಅನಂತರ ಕರ್ನಾಟಕ ಸಂಘ ಮೊದಲಾದವು ಹುಟ್ಟಿಕೊಂಡವು. ಊರಿನಿಂದ ಬಂದವನಿಗೆ ತಂಗಲು ಜಾಗ ತೋರುವುದು, ಕೆಲಸ ಹುಡುಕಿಕೊಡುವುದು, ನಾಟಕ ಯಕ್ಷಗಾನಗಳನ್ನು ಆಡಿಸುವುದು ಎಲ್ಲವೂ ಇಂತಹ ಸಂಘಗಳಿಂದ ನಡೆದವು. ಎಲ್ಲಕ್ಕಿಂತ ಮಿಗಿಲಾದುದು ರಾತ್ರಿ ಶಾಲೆಗಳು. ಹಗಲೆಲ್ಲ ಲೋಟ ತೊಳೆದ ಹುಡುಗರು ಸಂಜೆ ಕೈಯೊರೆಸಿಕೊಂಡು ಪುಸ್ತಕ ಹಿಡಿದರು. ತೂಕಡಿಸುತ್ತ ಕಲಿತರು, ಆದರೂ ಕಲಿತರು. ಹಾಗೆ ಮೆಟ್ರಿಕ್ ಮುಗಿಸಿ ಕಾಲೇಜು ಸೇರಿದವರು, ಬ್ಯಾಂಕಿನಲ್ಲಿ, ನ್ಯಾಯಾಲಯದಲ್ಲಿ, ವ್ಯಾಪಾರದಲ್ಲಿ ಹೆಸರು ಗಳಿಸಿದವರು ಅನೇಕರು. ಅವರ ಸಾಧನೆಯನ್ನು ಕೊಂಡಾಡುವುದು ಯುಕ್ತವೇ. ಆದರೆ ಹತ್ತು ಹನ್ನೆರಡರ ಎಳೆಯರನ್ನು ದುಡಿಮೆಗೆ ಕಳುಹಿಸಬೇಕಾದ ಬಡತನವನ್ನು ಕೊಂಡಾಡಬೇಕಾದುದಿಲ್ಲ. ಗೆದ್ದವರ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಪುಸ್ತಕದ ಮೇಲೆಯೇ ನಿದ್ದೆಹೋಗಿ, ಮರುದಿನದಿಂದ ಶಾಲೆಗೆ ಬಾರದ ಹುಡುಗರ ಕಥೆಯನ್ನು ಯಾರೂ ಬರೆದಿಡಲಿಲ್ಲ. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲುಗಳಲ್ಲಿ ದುಡಿಸುವುದು 2006ರಿಂದ ಕಾನೂನಿನಿಂದಲೇ ನಿಷಿದ್ಧವಾಯಿತು. ಅದು ಇನ್ನೂ ಎಷ್ಟೋ ಮೊದಲೇ ಆಗಬೇಕಿತ್ತು.

ಸಂಘವೆಂಬುದು ಮನೆಯ ಜಗಲಿಯಿದ್ದಂತೆ. ದಣಿದು ಬಂದವನು ಅಲ್ಲಿ ಕುಳಿತು, ಮನೆಯವರು ಕೊಟ್ಟ ಬೆಲ್ಲ ನೀರು ಕುಡಿದು ಸುಧಾರಿಸಿಕೊಳ್ಳುತ್ತಾನೆ. ಅದು ಬೇಕೇ ಬೇಕು. ಆದರೆ ಜಗಲಿಯಲ್ಲಿಯೇ ಕೊನೆಯ ತನಕ ಕುಳಿತವನಿಗೆ ಮನೆಯ ಒಳಗು ತಿಳಿಯುವುದಿಲ್ಲ. ಊರಿನವರದೇ ಹೋಟೆಲಿನಲ್ಲಿ ದುಡಿದು, ಊರಿನವರದೇ ಕೋಣೆಯಲ್ಲಿ ಮಲಗಿ, ಊರಿನವರೊಡನೆ ಮಾತ್ರ ಮಾತನಾಡಿ ಮೂವತ್ತು ವರ್ಷ ಕಳೆದವನು ಮುಂಬಯಿಯಲ್ಲಿ ಇದ್ದನೆಂದು ಹೇಳುವುದು ಹೇಗೆ? ಸ್ಥಳದ ಭಾಷೆಯನ್ನು ಕಲಿಯುವುದು ಬರಿಯ ಅನುಕೂಲದ ಸಂಗತಿಯಲ್ಲ. ಅದು ಆ ಊರಿನ ಅನ್ನ ಉಂಡವನ ಕರ್ತವ್ಯ. ಇಲ್ಲಿಯವರೆಗಿನದು ಬಂದವನ ಪಾಲಿನ ಅರ್ಧ.

ಇನ್ನೊಂದು ಅರ್ಧ ಇರುವವರದು. ಮುಂಬಯಿಯ ರೈಲಿನಲ್ಲಿ ಮೂವರು ಕೂರುವ ಆಸನದ ಮೇಲೆ ನಾಲ್ಕನೆಯವನು ಬಂದು ನಿಂತರೆ ಕುಳಿತವರು ಒಂದಿಷ್ಟು ಸರಿದು ಜಾಗ ಮಾಡುತ್ತಾರೆ. ಅದು ಯಾವ ನಿಯಮಪುಸ್ತಕದಲ್ಲಿಯೂ ಇಲ್ಲ, ರೂಢಿಯಲ್ಲಿದೆ. ಸಿಕ್ಕುವುದು ಗೇಣು ಜಾಗ. ನಾಲ್ಕನೆಯವನ ಅರ್ಧ ಮೈ ಹೊರಗೇ ಇರುತ್ತದೆ. ಮುಂದಿನ ನಿಲ್ದಾಣದಲ್ಲಿ ಒಬ್ಬನು ಇಳಿದಾಗ ಅವನು ಒಳಗೆ ಸರಿಯುತ್ತಾನೆ. ಮತ್ತೊಬ್ಬ ನಾಲ್ಕನೆಯವನು ಬರುತ್ತಾನೆ. ಆಗ ಸರಿದು ಜಾಗ ಕೊಡಬೇಕಾದವನು ಇವನೇ. ಕೊಡುವಾಗ ಮುಖ ಸಿಂಡರಿಸುವವರೂ ಇಲ್ಲದಿಲ್ಲ. ಒಂದು ಮಹಾನಗರವು ಹೊಸಬರನ್ನು ಹೇಗೆ ಒಳಗೊಳ್ಳುತ್ತದೆಯೆಂದು ತಿಳಿಯಬೇಕಾದರೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು.

ಎಲ್ಲ ಕಾಲದಲ್ಲಿಯೂ ನಗರವು ಹೀಗೆ ಸರಿದು ಕೂಡಲಿಲ್ಲ. 1960ರ ದಶಕದ ಕೊನೆಯಲ್ಲಿ ದಕ್ಷಿಣದವರು ಸ್ಥಳೀಯರ ಉದ್ಯೋಗಗಳನ್ನು ಕಿತ್ತುಕೊಂಡರೆಂಬ ಕೂಗು ಎದ್ದು, ಉಡುಪಿ ಹೋಟೆಲುಗಳ ಮೇಲೆ ಕಲ್ಲುಗಳು ಬಿದ್ದವು. ಅಲ್ಲಿನ ತರುಣರ ನಿರುದ್ಯೋಗ ನಿಜವಾದುದು, ಅದನ್ನು ಅಲ್ಲಗಳೆಯಲಾಗದು. ಆದರೆ ಅದಕ್ಕೆ ಕಾರಣ ಇಡ್ಲಿ ಬಡಿಸುತ್ತಿದ್ದ ಹುಡುಗನಲ್ಲ. ಅನೇಕ ವರ್ಷಗಳ ಬಳಿಕ, 2005ರ ಜುಲೈ 26ರಂದು, ಅದೇ ನಗರದ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ರೈಲುಗಳು ನಿಂತವು, ಲಕ್ಷಾಂತರ ಜನರು ಎದೆಮಟ್ಟದ ನೀರಿನಲ್ಲಿ ಮನೆಯ ಕಡೆಗೆ ನಡೆದರು. ಆ ರಾತ್ರಿ ಗುರುತಿಲ್ಲದವರು ಗುರುತಿಲ್ಲದವರಿಗೆ ಬಾಗಿಲು ತೆರೆದರು, ಚಹಾ ಕೊಟ್ಟರು, ಹಗ್ಗ ಹಿಡಿದು ದಾಟಿಸಿದರು. ಯಾವ ರಾಜ್ಯದವನೆಂದು ಕೇಳುವ ಹೊತ್ತು ಅದಲ್ಲ. ಕಲ್ಲೆಸೆದ ನಗರವೂ ಅದೇ, ಹಗ್ಗ ಹಿಡಿದ ನಗರವೂ ಅದೇ.

ಹೊಸ ಊರಿಗೆ ಸೇರಬೇಕಾದರೆ ಹಳೆಯ ಊರನ್ನು ಮರೆಯಬೇಕೆಂದು ಕೆಲವರು ಭಾವಿಸುತ್ತಾರೆ. ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ಬಾಳಿನ ಬಹುಭಾಗವನ್ನು ಮುಂಬಯಿಯಲ್ಲಿ ಕಳೆದರು. ಮಹಾನಗರದ ಕಚೇರಿಬಾಳಿನ ಕ್ರೌರ್ಯವನ್ನು ತೋರುವ ‘ಶಿಕಾರಿ’ ಕಾದಂಬರಿಯು 1979ರಲ್ಲಿ ಹೊರಬಂದಿತು. ಅವರ ಕಥೆಗಳಲ್ಲಿ ಹನೇಹಳ್ಳಿಯೂ ಮತ್ತೆ ಮತ್ತೆ ಬರುತ್ತದೆ. ಎರಡೂ ಊರುಗಳು ಒಂದೇ ಲೇಖನಿಯಲ್ಲಿ ಜೊತೆಯಾಗಿ ಬಾಳಿದವು. ಒಂದು ಇನ್ನೊಂದನ್ನು ಹೊರಗಟ್ಟಲಿಲ್ಲ.

ಇಂದು ಬೆಂಗಳೂರಿನಲ್ಲಿ ಪಾತ್ರಗಳು ಅದಲುಬದಲಾಗಿವೆ. 2001ರ ಜನಗಣತಿಯಲ್ಲಿ ಹೊರವಲಯವೂ ಸೇರಿ ಸುಮಾರು 57 ಲಕ್ಷವಿದ್ದ ಅದರ ಜನಸಂಖ್ಯೆಯು 2011ರಲ್ಲಿ ಸುಮಾರು 85 ಲಕ್ಷಕ್ಕೆ ಏರಿತು. ಬಿಹಾರದಿಂದ, ಒಡಿಶಾದಿಂದ, ಬಂಗಾಳದಿಂದ, ಅಸ್ಸಾಮಿನಿಂದ ಬಂದವರು ಇಲ್ಲಿ ಕಟ್ಟಡ ಕಟ್ಟುತ್ತಾರೆ, ಕಾವಲು ಕಾಯುತ್ತಾರೆ, ಅಡುಗೆ ಮಾಡುತ್ತಾರೆ, ಗಣಕಯಂತ್ರದ ಮುಂದೆ ಕೂರುತ್ತಾರೆ, ಓದುತ್ತಾರೆ. ಅವರು ಕನ್ನಡ ಕಲಿಯಲಿ ಎಂದು ಅಪೇಕ್ಷಿಸುವುದು ನ್ಯಾಯವಾದುದೇ. ಮುಂಬಯಿಯ ನಲ್ಲಿಯ ಬಳಿ ಮರಾಠಿ ಕಲಿತವರ ನಾಡಿಗೆ ಆ ಮಾತನ್ನು ಆಡುವ ಅಧಿಕಾರವಿದೆ. ಆದರೆ ಬಂದವನು ತೊದಲುತ್ತ ಎರಡು ಮಾತು ಕನ್ನಡ ಆಡಿದರೆ ಬೆಂಗಳೂರಿಗರು ಒಡನೆ ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಉತ್ತರಿಸುತ್ತಾರೆ. ಉಪಕಾರವೆಂದು ಹಾಗೆ ಮಾಡುತ್ತಾರೆ. ಅವನಾದರೋ ಅಲ್ಲಿಗೇ ಕಲಿಕೆಯನ್ನು ಬಿಡುತ್ತಾನೆ. ಇನ್ನು ಕೆಲವರು ಕನ್ನಡ ಬಾರದವನನ್ನು ಗದರುತ್ತಾರೆ. ಅದರಿಂದ ಅವನು ಕಲಿಯುವುದು ಭಯವನ್ನೇ ಹೊರತು ಭಾಷೆಯನ್ನಲ್ಲ. ತಪ್ಪಾಗಿ ಆಡಿದ ಕನ್ನಡಕ್ಕೆ ನಿಧಾನವಾಗಿ, ನಗೆಯಾಡದೆ, ಕನ್ನಡದಲ್ಲಿಯೇ ಉತ್ತರ ಕೊಡುವವರ ಸಂಖ್ಯೆ ತೀರ ಕಡಿಮೆ.

2012ರ ಆಗಸ್ಟ್ ತಿಂಗಳಿನಲ್ಲಿ ಈ ನಗರವು ಕಠಿಣ ಪರೀಕ್ಷೆಗೆ ಒಳಗಾಯಿತು. ಅಸ್ಸಾಮಿನಲ್ಲಿ ಗಲಭೆಗಳು ನಡೆದಿದ್ದವು. ಈಶಾನ್ಯ ರಾಜ್ಯಗಳವರ ಮೇಲೆ ಬೆಂಗಳೂರಿನಲ್ಲಿ ಹಲ್ಲೆಯಾಗಲಿದೆಯೆಂಬ ವದಂತಿಯು ದೂರವಾಣಿ ಸಂದೇಶಗಳ ಮೂಲಕ ಹಬ್ಬಿತು. ಎರಡು ಮೂರು ದಿನಗಳಲ್ಲಿ ಸಾವಿರಾರು ಜನರು ಗಂಟುಮೂಟೆ ಕಟ್ಟಿ ರೈಲುನಿಲ್ದಾಣಕ್ಕೆ ಧಾವಿಸಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಹೆದರಬೇಡಿ, ಹೋಗಬೇಡಿ ಎಂದು ಸರ್ಕಾರವೂ ಪೊಲೀಸರೂ ಧೈರ್ಯ ಹೇಳಿದರು. ನಾಗರಿಕರಲ್ಲಿಯೂ ಅನೇಕರು ಹಾಗೆ ಹೇಳಿದರು. ಆದರೂ ಗಾಡಿಗಳು ತುಂಬಿ ಹೋದವು. ವರ್ಷಗಟ್ಟಲೆ ಇಲ್ಲಿ ಬಾಳಿದವರು ಒಂದು ಸುಳ್ಳು ಸಂದೇಶವನ್ನು ನಂಬಿದರೇಕೆ? ನಗರವು ಅವರನ್ನು ಹೊಡೆದಿರಲಿಲ್ಲ, ನಿಜ. ಆದರೆ ಆ ರಾತ್ರಿ ‘ಇದು ನಿಜವೇ?’ ಎಂದು ಬಾಗಿಲು ತಟ್ಟಿ ಕೇಳಬಹುದಾದ ಒಂದು ನೆರೆಮನೆ ಅವರಲ್ಲಿ ಎಷ್ಟು ಮಂದಿಗಿತ್ತು? ತಮ್ಮ ದೇಶದಲ್ಲಿಯೇ ‘ನೀವು ಯಾವ ದೇಶದವರು?’ ಎಂಬ ಪ್ರಶ್ನೆಯನ್ನು ದಿನವೂ ಕೇಳಿಸಿಕೊಂಡವರು ಅವರು. ಜಗಲಿಯಿಂದ ಒಳಗೆ ಯಾರೂ ಕರೆದಿರದಿದ್ದಾಗ, ಎದ್ದು ಹೊರಟುಹೋಗಲು ಒಂದು ಗಾಳಿಮಾತೇ ಸಾಕಾಯಿತು.

ಹೋದವರಲ್ಲಿ ಅನೇಕರು ಮುಂದೆ ಮರಳಿ ಬಂದರು. ದೂರದ ಊರುಗಳ ಗಾಡಿಗಳು ಬೆಂಗಳೂರಿನ ನಿಲ್ದಾಣಗಳಿಗೆ ದಿನವೂ ಬರುತ್ತಲೇ ಇವೆ. ಎರಡು ಮೂರು ದಿನಗಳ ಪ್ರಯಾಣ ಮುಗಿಸಿ ಇಳಿದ ತರುಣನೊಬ್ಬನು ಬೆನ್ನ ಮೇಲೊಂದು ಚೀಲ ಹೊತ್ತು, ಬಸ್ಸಿನ ಬೋರ್ಡಿನ ಅಕ್ಷರಗಳನ್ನು ಓದಲಾರದೆ, ಪಕ್ಕದಲ್ಲಿ ನಿಂತವರನ್ನು ತನ್ನ ಭಾಷೆಯಲ್ಲಿ ದಾರಿ ಕೇಳುತ್ತಾನೆ.